ಕ್ಲೆಮ್‌ನ ಬೆನ್ನೂ ಬುರ್ರಾಂಡಿಯ ಮಾನವೂ

ಸಿಡ್ನಿಯಿಂದ ಬಹುದೂರದ ಕುರಿಸೀಮೆಯ ಬುರ್ರಾಂಡಿ ಎಂಬ ಊರಿನಲ್ಲಿ "ಹೇಗಿದ್ದೀಯ?" ಎಂಬ ಪ್ರಶ್ನೆಗೆ ಒಂದೇ ಉತ್ತರ: "ಪರವಾಗಿಲ್ಲ." ಹೊಸದಾಗಿ ಮದುವೆಯಾದವನೂ ಹೀಗೆಯೇ ಹೇಳಬೇಕು, ಮನೆ ಸುಟ್ಟುಹೋದವನೂ ಹೀಗೆಯೇ ಹೇಳಬೇಕು. ಹಿಂದೊಮ್ಮೆ ಅಥೋಲ್ ಪಾಸ್ಕೋನ ಕಾಲಿನ ಮೇಲೆ ಟ್ರ್ಯಾಕ್ಟರಿನ ಚಕ್ರ ಹತ್ತಿ ನಿಂತಾಗ, ಓಡಿ ಬಂದವರು "ಹೇಗಿದ್ದೀಯೋ?" ಎಂದು ಕೇಳಿದ್ದಕ್ಕೆ ಅವನು "ಪರವಾಗಿಲ್ಲ, ಪುರುಸೊತ್ತಾದಾಗ ಟ್ರ್ಯಾಕ್ಟರ್ ಸ್ವಲ್ಪ ಹಿಂದಕ್ಕೆ ತಗೊಳ್ಳಿ" ಎಂದನಂತೆ. ಆ ಊರಿನಲ್ಲಿ ಇದನ್ನು ಮಕ್ಕಳಿಗೆ ನೀತಿಪಾಠವಾಗಿ ಹೇಳುತ್ತಾರೆ.

ಕ್ಲೆಮ್ ಹ್ಯಾಲೊರನ್ ಈ ಮತದ ಕಟ್ಟಾ ಅನುಯಾಯಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೊಂಟ ಬಗ್ಗಿಸಿ ಕುರಿಗಳ ಉಣ್ಣೆ ಕತ್ತರಿಸಿದವನು. ಒಂದು ಕಾಲಕ್ಕೆ ಸುತ್ತಮುತ್ತಲಿನ ಶೆಡ್ಡುಗಳಲ್ಲಿ ಅವನ ಕೈಯೋಟಕ್ಕೆ ಸರಿಸಾಟಿ ಇರಲಿಲ್ಲ. ಕುರಿಗಳಿಗೆ ಉಣ್ಣೆ ಮತ್ತೆ ಬೆಳೆಯಿತು, ಕ್ಲೆಮ್‌ನ ಬೆನ್ನು ಮಾತ್ರ ಮತ್ತೆ ಬೆಳೆಯಲಿಲ್ಲ. ಈಗ ಹತ್ತು ನಿಮಿಷ ಕೂತರೆ ಎದ್ದು ನಿಲ್ಲಬೇಕು, ಸ್ವಲ್ಪ ಹೊತ್ತು ನಿಂತರೆ ಮಲಗಬೇಕು, ಮಲಗಿದರೆ ಎಬ್ಬಿಸಲು ಹೆಂಡತಿ ಬೆರಿಲ್ ಬರಬೇಕು. ಬೆಳಿಗ್ಗೆ ಅವನ ಕಾಲುಚೀಲ ಹಾಕುವವಳೂ ಬೆರಿಲ್ಲೇ. ಅದಕ್ಕೆ ಮೊದಲು ಕಿಟಕಿಯ ಪರದೆ ಎಳೆಯಬೇಕು, ಎದುರು ಮನೆಯವರು ನೋಡಿದರೆ ಏನೆಂದುಕೊಂಡಾರು!

ಬೆರಿಲ್ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಅವಳ ಭುಜಗಳೂ ಮಾತು ಕೇಳುತ್ತಿರಲಿಲ್ಲ. "ಲಾಂಡ್ರಿ ಬಿಡಮ್ಮ, ಇಲ್ಲದಿದ್ದರೆ ಇನ್ನೆರಡು ವರ್ಷದಲ್ಲಿ ತಲೆ ಬಾಚಿಕೊಳ್ಳೋದಕ್ಕೂ ಕೈ ಏಳಲ್ಲ" ಎಂದು ಡಾಕ್ಟರು ಹೇಳಿದ್ದರು. ಲಾಂಡ್ರಿ ಬಿಟ್ಟರೆ ಮನೆ ನಡೆಯಬೇಕಲ್ಲ? ಕ್ಲೆಮ್‌ಗೆ ಅಂಗವಿಕಲರ ಪಿಂಚಣಿ ಬಂದರೆ ಅವಳು ಬಿಡಬಹುದು, ಬರದಿದ್ದರೆ ಇಲ್ಲ. ಹ್ಯಾಲೊರನ್ ಸಂಸಾರದ ಲೆಕ್ಕಾಚಾರ ಇಷ್ಟು ಸರಳವಾಗಿತ್ತು. ಅವಳ ಒತ್ತಾಯಕ್ಕೆ ಕ್ಲೆಮ್ ಅರ್ಜಿ ಹಾಕಿದ, ಊರಿಗೆ ಗೊತ್ತಾಗದ ಹಾಗೆ.

ಪಿಂಚಣಿ ಕಚೇರಿಯಿಂದ ಒಬ್ಬಳು ಹುಡುಗಿ ಫೋನು ಮಾಡಿ ವಿಚಾರಿಸಿದಳು.

"ಸರ್, ನಿಮಗೆ ಭಾರ ಎತ್ತೋಕಾಗುತ್ತಾ?"

"ಎತ್ತಲೇಬೇಕು ಅಂದ್ರೆ ಎತ್ತೋದೇ ಅಲ್ವೇನಮ್ಮ."

"ಮೆಟ್ಟಿಲು ಹತ್ತೋಕೆ ಕಷ್ಟ ಇದೆಯಾ?"

"ನಮ್ಮೂರಲ್ಲಿ ಮೆಟ್ಟಿಲೇ ಇಲ್ಲ ಕಣಮ್ಮ."

"ಎಷ್ಟು ದೂರ ನಡೀತೀರಾ?"

"ಪಬ್ಬಿನವರೆಗೆ."

"ಅದೆಷ್ಟು ದೂರ?"

"ಬಾಯಾರಿದಾಗ ಹತ್ತಿರ."

ಆ ಹುಡುಗಿ ನಕ್ಕಳು. ಕ್ಲೆಮ್ ಕೂಡ ನಕ್ಕು, ಒಳ್ಳೇ ಹುಡುಗಿ ಎಂದು ಬೆರಿಲ್‌ಗೆ ವರದಿ ಒಪ್ಪಿಸಿದ. ಒಳ್ಳೇ ಹುಡುಗಿ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದಳು. ಡಾಕ್ಟರರ ದಾಖಲೆಯಲ್ಲೂ ವರ್ಷಗಟ್ಟಲೆ ಒಂದೇ ಮಾತು: ರೋಗಿ ಪರವಾಗಿಲ್ಲ ಎನ್ನುತ್ತಾರೆ. ಅರ್ಜಿದಾರರು ವಾರಕ್ಕೆ ಹದಿನೈದು ಗಂಟೆ ಕೆಲಸ ಮಾಡಬಲ್ಲರು, ಆದ್ದರಿಂದ ಪಿಂಚಣಿ ಇಲ್ಲ ಎಂದು ಕಚೇರಿ ತೀರ್ಮಾನಿಸಿತು. ಇನ್ನೊಮ್ಮೆ ನೋಡಿ ಎಂದು ಬೆರಿಲ್ ಬರೆದಳು. ನೋಡಿದೆವು ಎಂದು ಉತ್ತರ ಬಂತು.

ಉಳಿದದ್ದು ಮೇಲ್ಮನವಿ. ಜಿಲ್ಲಾ ಕೇಂದ್ರದಲ್ಲಿ ಬಡವರ ಕೇಸುಗಳನ್ನು ಪುಕ್ಕಟೆಯಾಗಿ ನಡೆಸುವ ಲಿನ್ ಡೋ ಎಂಬ ಸಣ್ಣ ವಯಸ್ಸಿನ ವಕೀಲೆ ಇದ್ದಳು. ಅವಳು ಕ್ಲೆಮ್‌ನನ್ನು ಒಂದು ಗಂಟೆ ಮಾತನಾಡಿಸಿ, ಇವನ ನಿಜವಾದ ಕಾಯಿಲೆ ಬೆನ್ನಿನದಲ್ಲ, ಬಾಯಿಯದು ಎಂದು ಪತ್ತೆ ಹಚ್ಚಿದಳು.

"ಮಿಸ್ಟರ್ ಹ್ಯಾಲೊರನ್, ಅಲ್ಲಿ ಗಂಡಸುತನ ತೋರಿಸೋದು ಬೇಡ. ಏನೇನು ಆಗಲ್ವೋ ಅದನ್ನ ಹೇಳಿ. ಮತ್ತೆ, ನಿಮ್ಮನ್ನ ಬಲ್ಲವರು ಇಬ್ಬರನ್ನ ಕರ್ಕೊಂಡು ಬನ್ನಿ. ನೀವು ಮೊದಲು ಹೇಗಿದ್ರಿ, ಈಗ ಹೇಗಾಗಿದ್ದೀರಿ ಅಂತ ಅವರು ಹೇಳಿದ್ರೆ ತುಂಬಾ ಸಹಾಯ ಆಗುತ್ತೆ."

"ಅದಕ್ಕೇನು, ನಮ್ಮ ಸ್ನೋ ಇದ್ದಾನೆ, ಅಥೋಲ್ ಇದ್ದಾನೆ," ಎಂದ ಕ್ಲೆಮ್. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಆದರೆ ಅದು ಆಗ ಲಿನ್‌ಗೂ ಗೊತ್ತಿರಲಿಲ್ಲ.

ಸ್ನೋ ಗಿಲೆಸ್ಪಿ ಉಣ್ಣೆ ಕತ್ತರಿಸುವ ತಂಡಗಳ ಮೇಸ್ತ್ರಿಯಾಗಿದ್ದವನು. ಸ್ನೋ ಅಂದರೆ ಹಿಮ. ಕೂದಲು ಬೆಳ್ಳಗಿದ್ದ ಹುಡುಗತನದಲ್ಲಿ ಬಿದ್ದ ಹೆಸರು. ಹಿಮವೆಲ್ಲ ಕರಗಿ ಈಗ ಬೋಳು ಗುಡ್ಡ ಮಾತ್ರ ಉಳಿದಿತ್ತು. ಆ ಗುಡ್ಡವೂ ಟ್ರ್ಯಾಕ್ಟರಿನ ಅಥೋಲನೂ ಪಬ್ಬಿನಲ್ಲಿ ಎಂದಿನ ಜಾಗದಲ್ಲಿ ಕೂತಿದ್ದಾಗ ಕ್ಲೆಮ್ ಹೋಗಿ ಕೌಂಟರಿಗೆ ಒರಗಿ ನಿಂತ.

"ಸರ್ಕಾರದವರ ಜೊತೆ ಸ್ವಲ್ಪ ತಕರಾರು ಕಣ್ರೋ," ಎಂದ ಗ್ಲಾಸನ್ನು ನೋಡುತ್ತಾ.

"ಏನಂತೆ ಅವರದ್ದು?" ಎಂದ ಸ್ನೋ.

"ನನ್ನ ಬಗ್ಗೆ ಏನೋ ಬರ್ದಿದಾರೆ. ಕೆಲಸದ ವಿಷಯ. ಅದು ಸುಳ್ಳು ಅಂತ ಕೋರ್ಟಲ್ಲಿ ಹೇಳ್ಬೇಕು. ನೀವಿಬ್ರು ಬಂದು ನನ್ನ ಪರ ಎರಡು ಮಾತಾಡ್ತೀರಾ?"

"ಏನ್ ಬರ್ದಿದಾರೆ?"

'ಕೆಲಸ ಮಾಡಬಲ್ಲೆ ಅಂತ ಬರೆದಿದ್ದಾರೆ, ನನ್ನ ಕೈಲಿ ಆಗಲ್ಲ.' ಇಷ್ಟು ಅಂದಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಫುಟ್ಬಾಲ್ ಅಭ್ಯಾಸ ಮುಗಿಸಿದ ಹುಡುಗರು ಹಿಂಡಾಗಿ ಒಳಗೆ ನುಗ್ಗಿ "ಹೇಗಿದ್ದೀಯ ಕ್ಲೆಮ್?" ಎಂದರು. "ಪರವಾಗಿಲ್ಲ" ಎಂದು ಬಿಟ್ಟ. ಅದೇ ಬಾಯಲ್ಲಿ ಇನ್ನೊಂದನ್ನು ಹೇಳುವುದು ಹೇಗೆ?

"ಹೇಳೋ ಅಂಥದ್ದಲ್ಲ ಬಿಡು," ಎಂದ.

ಸ್ನೋ ಗ್ಲಾಸನ್ನು ಕೆಳಗಿಟ್ಟ. "ಸೋಮಾರಿ ಅಂದ್ರಾ? ನಿನ್ನನ್ನಾ?"

ಕ್ಲೆಮ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಒಂದು ಗುಟುಕು ಕುಡಿದ. ಬುರ್ರಾಂಡಿಯಲ್ಲಿ ಕೊಂದವನನ್ನು ಕ್ಷಮಿಸುತ್ತಾರೆ, ದಂಡಪಿಂಡವನ್ನು ಕ್ಷಮಿಸುವುದಿಲ್ಲ. ಮರುದಿನ ಬೆಳಿಗ್ಗೆ ಬೇಕರಿ ತೆರೆಯುವ ಹೊತ್ತಿಗೆ, ಸರ್ಕಾರ ನಮ್ಮ ಕ್ಲೆಮ್ ಹ್ಯಾಲೊರನ್ನನನ್ನು ದಂಡಪಿಂಡ ಎಂದು ಬರೆದಿದೆಯಂತೆ ಎಂಬ ಸುದ್ದಿ ಊರೆಲ್ಲ ಆಗಿತ್ತು. ಫುಟ್ಬಾಲ್ ಕ್ಲಬ್ಬು ತನ್ನ ಮಿನಿ ಬಸ್ಸನ್ನು ಕೊಡುವುದಾಗಿ ಘೋಷಿಸಿತು. ಸಾಕ್ಷಿ ಹೇಳುವವರು ಇಬ್ಬರು, ಸಾಕ್ಷಿಗಳ ಬೆನ್ನಿಗೆ ನಿಲ್ಲುವವರು ಬಸ್ಸು ಹಿಡಿಯುವಷ್ಟು.

ಲಿನ್ ಸಾಕ್ಷಿಗಳ ಜೊತೆ ಮುಂಚೆಯೇ ಮಾತಾಡಬೇಕೆಂದು ಸ್ನೋಗೆ ಫೋನು ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಗೊತ್ತಿಲ್ಲದ ನಂಬರು ಎಂದರೆ ಸೋಲಾರ್ ಪ್ಯಾನೆಲ್ ಮಾರುವವರು ಎಂಬುದು ಸ್ನೋನ ಸಿದ್ಧಾಂತ. ಅಥೋಲ್ ಎತ್ತಿದ. "ಎಲ್ಲಾ ಸ್ನೋ ನೋಡ್ಕೋತಾನಮ್ಮ" ಎಂದು ಇಟ್ಟ.

ಬೆರಿಲ್‌ಗೆ ಮಾತ್ರ ಬಸ್ಸಿನ ಸುದ್ದಿ ಕೇಳಿ ಅನುಮಾನ ಬಂತು. "ಅವರಿಗೆ ವಿಷಯ ಹೇಳಿದೀಯ ತಾನೆ?"

"ಹೇಳಿದೀನಿ."

"ಏನಂತ?"

"ಎಲ್ಲಾ," ಎಂದ ಕ್ಲೆಮ್.

ವಿಚಾರಣೆಯ ದಿನ ಕ್ಲೆಮ್ ಬಸ್ಸಿನಲ್ಲಿ ಕೂರಲಾರದೆ ಹಿಂದಿನ ಸೀಟುಗಳ ನಡುವೆ ನೆಲದ ಮೇಲೆ ಅಂಗಾತ ಮಲಗಿದ. "ಏನೋ, ನಿನ್ನೆ ಜಾಸ್ತಿ ಆಯ್ತಾ?" ಎಂದು ಅಥೋಲ್ ಕಣ್ಣು ಮಿಟುಕಿಸಿದ. ಕುಡಿದದ್ದು ಇಳಿದಿಲ್ಲ ಎಂದರೆ ಬುರ್ರಾಂಡಿಯಲ್ಲಿ ಅದೊಂದು ಗೌರವದ ಕಾಯಿಲೆ. ಕ್ಲೆಮ್ ಹಿಂದಿನ ದಿನ ಒಂದು ತೊಟ್ಟೂ ಮುಟ್ಟಿರಲಿಲ್ಲ. "ಸ್ವಲ್ಪ ಜಾಸ್ತಿನೇ ಆಯ್ತು" ಎಂದ. ಬಸ್ಸಿಗೆ ಬಸ್ಸೇ ಮೆಚ್ಚಿ ನಕ್ಕಿತು. ಬೆರಿಲ್ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೋರ್ಟು ಕಟ್ಟಡದ ಒಂದು ಕೋಣೆಯಲ್ಲಿ ನ್ಯಾಯಮಂಡಳಿ ಕೂತಿತ್ತು. ಮಂಡಳಿ ಎಂದರೆ ಒಬ್ಬರೇ, ಡ್ರಮಂಡ್ ಎಂಬ ಕನ್ನಡಕದ ಹೆಂಗಸು. ತಲೆಗೆ ನ್ಯಾಯಾಧೀಶರ ಬಿಳಿ ಟೋಪನ್ನಿಲ್ಲ, ಮೈಗೆ ಕರಿ ನಿಲುವಂಗಿಯಿಲ್ಲ, ಕುಟ್ಟಲು ಸುತ್ತಿಗೆಯಿಲ್ಲ. ಇಂಥವರ ಮುಂದೆ ಮಾನ ಉಳಿದರೂ ಏನು ಭೂಷಣ ಎಂದು ಸ್ನೋಗೆ ಕೊಂಚ ನಿರಾಸೆಯಾಯಿತು. ಬಾಗಿಲಲ್ಲಿ ಲಿನ್ ಅವನನ್ನು ಹಿಡಿದಳು. "ಮಿಸ್ಟರ್ ಗಿಲೆಸ್ಪಿ, ನೀವು ಕಣ್ಣಾರೆ ಕಂಡದ್ದು ಹೇಳಿದ್ರೆ ಸಾಕು." ಸ್ನೋ ಎದೆಯ ಮೇಲೆ ಕೈಯಿಟ್ಟುಕೊಂಡು, "ಚಿಂತೆ ಬಿಡಮ್ಮ. ಅವನ ಮಾನ ಅಂದ್ರೆ ನಮ್ಮ ಮಾನ," ಎಂದ. ಮಾನದ ಮಾತು ಎಲ್ಲಿಂದ ಬಂತೆಂದು ಕೇಳಲು ಲಿನ್ ಬಾಯಿ ತೆರೆದಳು. ಆದರೆ ಒಳಗೆ ಹೆಸರು ಕರೆದಾಗಿತ್ತು.

"ಹೇಗಿದ್ದೀರಿ, ಮಿಸ್ಟರ್ ಹ್ಯಾಲೊರನ್?" ಎಂದರು ಡ್ರಮಂಡ್ ಮೇಡಂ.

"ಪರವಾಗಿಲ್ಲ ಮೇಡಂ. ನೀವು?"

ಲಿನ್ ಕಣ್ಣು ಮುಚ್ಚಿಕೊಂಡಳು.

"ಇದು ನಿಮ್ಮ ಆರೋಗ್ಯದ ವಿಷಯ. ನಿಮ್ಮ ಸ್ನೇಹಿತರು ಹೊರಗೆ ಕಾಯಲಿ ಅಂದ್ರೆ ಕಾಯ್ತಾರೆ."

ಕ್ಲೆಮ್ ಹಿಂತಿರುಗಿ ನೋಡಿದ. ಎರಡು ಬೆಂಚು ತುಂಬ ಇಸ್ತ್ರಿ ಮಾಡಿದ ಅಂಗಿಗಳು. ಇದಕ್ಕೆ ಮುಂಚೆ ಅವರೆಲ್ಲ ಇಸ್ತ್ರಿ ಮಾಡಿಸಿದ್ದು ಶವಸಂಸ್ಕಾರವೊಂದಕ್ಕೆ.

"ಇರ್ಲಿ ಬಿಡಿ ಮೇಡಂ. ಪಾಪ, ಅಷ್ಟು ದೂರದಿಂದ ಬಂದಿದಾರೆ."

"ಹಾಗಾದ್ರೆ ಕೂತ್ಕೊಳ್ಳಿ."

"ನಿಂತೇ ಇರ್ತೀನಿ ಮೇಡಂ. ಹೆಂಗಸರ ಮುಂದೆ ಕೂರೋದು ಅಭ್ಯಾಸ ಇಲ್ಲ."

ಕೂರಲಾರದ ಸಂಕಟ ಹೀಗೆ ಶಿಷ್ಟಾಚಾರವಾಗಿ ದಾಖಲಾಯಿತು. ಬೆಳಿಗ್ಗೆ ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ ಎಂದು ಮೇಡಂ ಕೇಳಿದರು. ಈ ಪ್ರಶ್ನೆ ಬರುತ್ತದೆಂದು ಲಿನ್ ಹೇಳಿದ್ದಳು, ಬೆರಿಲ್ ಅಡುಗೆಮನೆಯಲ್ಲಿ ಪಾಠ ಒಪ್ಪಿಸಿಕೊಂಡಿದ್ದಳು. ಕ್ಲೆಮ್ ಬಾಯಿ ತೆರೆದ. ಹಿಂದೆ ಸ್ನೋ ಕೆಮ್ಮಿದ.

"ಹಾಕ್ಕೋತೀನಿ ಮೇಡಂ. ಸ್ವಲ್ಪ ನಿಧಾನ ಅಷ್ಟೆ."

"ಕಾಲುಚೀಲ?"

"ಅದೂನೂ." ಸೋಮಾರಿಯಲ್ಲ ಎಂದು ಸರ್ಕಾರಕ್ಕೆ ತಿಳಿಯಿತಲ್ಲ ಎಂದು ಬೆಂಚುಗಳು ತಲೆದೂಗಿದವು.

ಬೆರಿಲ್ ತನ್ನ ಗಂಡನ ಕಾಲುಗಳನ್ನೇ ನೋಡಿದಳು. ಬೆಳಿಗ್ಗೆ ಅವಳೇ ಮಂಡಿಯೂರಿ ಹಾಕಿದ ಬೂದು ಬಣ್ಣದ ಕಾಲುಚೀಲಗಳು.

ಆಮೇಲೆ ಸ್ನೋ ಎದ್ದ. ಅವನು ಜನ್ಮದಲ್ಲಿ ಇಷ್ಟು ಸೊಗಸಾಗಿ ಮಾತಾಡಿರಲಿಲ್ಲ. "ಮೇಡಂ, ಈ ಕ್ಲೆಮ್ ಹ್ಯಾಲೊರನ್ನನ ಬಗ್ಗೆ ಯಾರು ಏನು ಬರೆದಿದಾರೋ ನನಗೆ ಗೊತ್ತಿಲ್ಲ. ಆದ್ರೆ ಬರೆದವರು ಅವನ ಜೊತೆ ಒಂದು ದಿನ ಕೆಲಸ ಮಾಡಿ ನೋಡ್ಲಿ! ಹೋದ ವಸಂತದಲ್ಲಿ ಕ್ಲಬ್ಬಿಗೆ ಬೇಲಿ ಹಾಕೋ ಶ್ರಮದಾನ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಒಂದು ಕಂಬ ಹಿಡ್ಕೊಂಡು ನಿಂತಿದ್ದ ಮೇಡಂ. ಒಂದ್ಸಲ ಕೂತಿಲ್ಲ!"

ಅಂದು ಕ್ಲೆಮ್ ಕಂಬವನ್ನು ಹಿಡಿದಿರಲಿಲ್ಲ, ಕಂಬವೇ ಕ್ಲೆಮ್‌ನನ್ನು ಹಿಡಿದಿತ್ತು. ಆದರೆ ಕಂಬವನ್ನು ಸಾಕ್ಷಿಗೆ ಕರೆಯುವ ಪದ್ಧತಿ ಇಲ್ಲ.

ಲಿನ್ ದೋಣಿ ಮುಳುಗದಂತೆ ಹಿಡಿಯಲು ನೋಡಿದಳು. "ಮಿಸ್ಟರ್ ಗಿಲೆಸ್ಪಿ, ಇತ್ತೀಚೆಗೆ ಅವರು ಬಗ್ಗಿದ್ದನ್ನ ನೀವು ನೋಡಿದೀರಾ?"

"ಬಗ್ಗೋದಾ? ಕ್ಲೆಮ್ ಯಾರ ಮುಂದೇನೂ ಬಗ್ಗೋ ಆಸಾಮಿ ಅಲ್ಲಮ್ಮ!"

ಬೆಂಚುಗಳಿಂದ ಚಪ್ಪಾಳೆ ಬಂತು. ಡ್ರಮಂಡ್ ಮೇಡಂ ಕೈಯೆತ್ತಿ ನಿಲ್ಲಿಸಿದರು. ಅಥೋಲ್‌ಗೆ ಈಗ ಇಕ್ಕಟ್ಟು. ಸ್ನೋ ಹೇಳಿದ್ದಕ್ಕಿಂತ ಕಡಿಮೆ ಹೇಳಿದರೆ ಸ್ನೇಹಕ್ಕೆ ಕುಂದು. ಅವನು ಎದ್ದವನೇ, ಕ್ಲೆಮ್ ಒಂದು ಟಗರನ್ನು ಕಂಕುಳಲ್ಲಿ ಇರುಕಿಕೊಂಡು ಹೊಳೆ ದಾಟಿದ್ದನ್ನು ವರ್ಣಿಸಿದ.

"ಇದು ಯಾವಾಗ?" ಎಂದರು ಮೇಡಂ.

ಅದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಟಗರೂ ಆಗ ಮರಿ. "ಮೊನ್ನೆ ಮೊನ್ನೆ," ಎಂದ ಅಥೋಲ್.

ಕೊನೆಗೆ ಬೆರಿಲ್ ಎದ್ದಳು. ಯಾರೂ ಕರೆದಿರಲಿಲ್ಲ.

"ಮೇಡಂ, ಇವರೆಲ್ಲ ಒಳ್ಳೇ ಜನ. ನನ್ನ ಗಂಡನ್ನ ಅವರು ನೋಡೋದು ಅವನು ಬಟ್ಟೆ ಹಾಕ್ಕೊಂಡು ಬಾಗಿಲು ದಾಟಿ ಹೊರಗೆ ಬಂದ ಮೇಲೆ. ಅದಕ್ಕೆ ಮುಂಚಿಂದು ನಾನು ನೋಡ್ತೀನಿ. ಕಂಕುಳಿಗೆ ಕೈ ಕೊಟ್ಟು ನಾನು ಎಬ್ಬಿಸ್ತೀನಿ. ಕಾಲುಚೀಲ ನಾನು ಹಾಕ್ತೀನಿ. ಆ ಬೇಲಿ ಕೆಲಸ ಆದ್ಮೇಲೆ ಮೂರು ದಿನ ಎದ್ದಿಲ್ಲ ಮೇಡಂ, ಪಾಯಿಖಾನೆಗೆ ಕೂಡ ನಾನು..."

"ಬೆರಿಲ್," ಎಂದ ಕ್ಲೆಮ್.

ಎರಡು ಬೆಂಚಿನ ಕಣ್ಣುಗಳೂ ಅವನ ಬೆನ್ನಿಗೆ ನೆಟ್ಟಿರುವುದು ಅವನಿಗೆ ತಿಳಿಯುತ್ತಿತ್ತು. ಅವನು ನಕ್ಕ.

"ಇವಳು ಸ್ವಲ್ಪ ಹೆಚ್ಚು ಮಾಡಿ ಹೇಳ್ತಾಳೆ ಮೇಡಂ. ಹೆಂಗಸರಿಗೆ ಗಾಬರಿ ಜಾಸ್ತಿ."

ಹಿಂದಿನ ಬೆಂಚಿನವರು ನಿರಾಳವಾಗಿ ನಕ್ಕರು. ಡ್ರಮಂಡ್ ಮೇಡಂ ನಗಲಿಲ್ಲ. ಕನ್ನಡಕ ತೆಗೆದರು. "ಮಿಸ್ಟರ್ ಹ್ಯಾಲೊರನ್, ಯೋಚನೆ ಮಾಡಿ ಹೇಳಿ. ನಿಮ್ಮ ಹೆಂಡತಿ ಹೇಳಿದ್ದು ನಿಜ ಅಲ್ವಾ?"

ಯಾವ ನ್ಯಾಯಾಧೀಶರೂ ಒಬ್ಬನಿಗೆ ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟದ್ದಿಲ್ಲ.

"ಸುಳ್ಳು ಅಂತಲ್ಲ ಮೇಡಂ," ಎಂದ ಕ್ಲೆಮ್. "ಹೆಚ್ಚು ಅಂತ."

ಬೆರಿಲ್ ಕೂತಳು.

ವಾಪಸು ಬರುವಾಗ ಬಸ್ಸು ಜಾತ್ರೆಯಾಗಿತ್ತು. ದಾರಿಯಲ್ಲಿ ನಿಲ್ಲಿಸಿ ಎಲ್ಲರೂ ಮಾಂಸದ ಪೈಗೆ ಟೊಮೆಟೊ ಸಾಸು ಸುರಿದುಕೊಂಡು ತಿಂದರು. "ಇನ್ನು ಯಾವನಾದ್ರೂ ನಿನ್ನನ್ನ ಸೋಮಾರಿ ಅನ್ಲಿ ನೋಡೋಣ!" ಎಂದು ಸ್ನೋ ನೆಲದ ಮೇಲೆ ಮಲಗಿದ್ದ ಕ್ಲೆಮ್‌ಗೆ ಬಗ್ಗಿ ಪೈ ಕೊಟ್ಟ. ಜಟ್ಟಿ ಅಂಗಾತ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಿರಲಿಲ್ಲ. ಬೆರಿಲ್ ಡ್ರೈವರ್ ಪಕ್ಕ ಕೂತು ಏನೂ ತಿನ್ನದೆ ಬಂದಳು.

ತೀರ್ಪು ಬಂತು. ಪಿಂಚಣಿ ಇಲ್ಲ. ಕ್ಲೆಮ್ ಲಿನ್‌ಗೆ ಫೋನು ಮಾಡಿ, ಇದರ ಮೇಲೆ ದೊಡ್ಡ ಕೋರ್ಟಿಗೆ ಹೋಗೋಣ ಎಂದ.

"ದೊಡ್ಡ ಕೋರ್ಟು ಕಾನೂನು ತಪ್ಪಾಗಿದೆಯಾ ಅಂತ ಮಾತ್ರ ನೋಡುತ್ತೆ ಮಿಸ್ಟರ್ ಹ್ಯಾಲೊರನ್. ಡ್ರಮಂಡ್ ಮೇಡಂ ಏನೂ ತಪ್ಪು ಮಾಡಿಲ್ಲ. ನೀವು ಹೇಳಿದ್ದನ್ನ ನಂಬಿದ್ರು, ಅಷ್ಟೆ." ತೀರ್ಪಿನ ಪ್ರತಿಯನ್ನು ಮತ್ತೊಮ್ಮೆ ತಿರುವಿ ಹೇಳಿದಳು: "ಹೊಸದಾಗಿ ಅರ್ಜಿ ಹಾಕಬಹುದು. ಆದ್ರೆ ಈಗ ನಿಮ್ಮ ಹೆಂಡತಿ ಮಾತನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಹೆಚ್ಚು ಮಾಡಿ ಹೇಳ್ತಾರೆ ಅಂತ ದಾಖಲೆ ಆಗಿದೆ."

ಸ್ನೋಗೆ ಕ್ಲೆಮ್ ಸೋತ ಸುದ್ದಿ ಮುಟ್ಟಿದಾಗ ಅವನು ಕೆರಳಿ ಕೆಂಡವಾದ. ಸಾಕ್ಷಿ ಸಾಲಲಿಲ್ಲ, ಟಗರು ಎರಡು ಅನ್ನಬೇಕಿತ್ತು ಎಂದು ಅಥೋಲ್‌ನನ್ನು ಬೈದ. ಶುಕ್ರವಾರ ಪಬ್ಬಿನಲ್ಲಿ ಕುರ್ಚಿ ಹತ್ತಿ, ಸಿಡ್ನಿಯವರೆಗೂ ಹೋಗೋಣ, ದೊಡ್ಡ ಬಸ್ಸೇ ಮಾಡೋಣ, ಇಡೀ ಊರು ಸಾಕ್ಷಿ ಹೇಳಲಿ ಎಂದು ಭಾಷಣ ಶುರು ಮಾಡಿದ.

"ಕೆಳಗಿಳಿಯೋ ಸ್ನೋ," ಎಂದ ಕ್ಲೆಮ್.

"ಸುಮ್ನಿರೋ, ನಿನ್ನ ಮಾನದ ಪ್ರಶ್ನೆ..."

"ಅವರು ನನ್ನನ್ನ ಸೋಮಾರಿ ಅಂದಿಲ್ಲ. ಕೆಲಸ ಮಾಡಬಲ್ಲ ಅಂದ್ರು. ನನ್ನ ಕೈಲಿ ಆಗಲ್ಲ ಅಂತ ನಾನೇ ಅರ್ಜಿ ಹಾಕಿದ್ದೆ. ನಿಜವಾಗ್ಲೂ ಆಗಲ್ಲ. ಬೆರಿಲ್ ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಪಾಯಿಖಾನೆ ಮಾತೂ ನಿಜ."

ಸ್ನೋ ಕುರ್ಚಿಯ ಮೇಲೆ ಹಾಗೇ ನಿಂತಿದ್ದ. ಆ ಪಬ್ಬಿನಲ್ಲಿ ಅಷ್ಟು ಹೊತ್ತಿನ ಮೌನ ಯುದ್ಧದಲ್ಲಿ ಸತ್ತವರಿಗೂ ಸಿಕ್ಕಿದ್ದಿಲ್ಲ.

"ಮೊದಲೇ ಯಾಕೋ ಹೇಳ್ಲಿಲ್ಲ?" ಎಂದ ಕೊನೆಗೆ.

"ನೀನಾಗಿದ್ರೆ ಹೇಳ್ತಿದ್ಯಾ?"

ಸ್ನೋ ಕುರ್ಚಿಯಿಂದ ಕೆಳಗಿಳಿದ. ಅಥೋಲ್ ಮೆಲ್ಲಗೆ ಬಾಯಿ ಬಿಟ್ಟ. "ಆ ಟ್ರ್ಯಾಕ್ಟರ್ ಹತ್ತಿದ್ದು ಇನ್ನೂ ನೋಯುತ್ತೆ ಕಣ್ರೋ." ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬನಿಗೆ ಹರ್ನಿಯಾ. ಇನ್ನೊಬ್ಬನಿಗೆ ಗೋಡೆಯ ಮೇಲಿನ ಡಾರ್ಟ್ ಆಟದ ಹಲಗೆ ಕಣ್ಣಿಗೆ ಕಾಣದೆ ವರ್ಷವಾಗಿತ್ತು, ಶಬ್ದ ಕೇಳಿ ಬಾಣ ಎಸೆಯುತ್ತಿದ್ದ. ಪಬ್ಬಿನ ಮಾಲೀಕನೇ ಕೌಂಟರಿನ ಹಿಂದಿನಿಂದ ಕೈಯೆತ್ತಿ ತನ್ನ ಮೂಲವ್ಯಾಧಿಯನ್ನು ಸಭೆಗೆ ಒಪ್ಪಿಸಿದ. ಸ್ನೋಗೆ ಎಡಗಿವಿ ಪೂರ್ತಿ ಹೋಗಿತ್ತಂತೆ, ಫೋನು ಎತ್ತದಿದ್ದದ್ದು ಸೋಲಾರಿನವರ ಭಯಕ್ಕಲ್ಲವಂತೆ. ಬುರ್ರಾಂಡಿಯ ಗಂಡಸರು ಮೊದಲ ಸಲ ಒಬ್ಬರಿಗೊಬ್ಬರು ನಿಜ ಹೇಳಿಕೊಂಡರು. ಕೇಳಿ ತೀರ್ಪು ಕೊಡುವ ಮಂಡಳಿ ಮಾತ್ರ ಅಲ್ಲಿರಲಿಲ್ಲ.

ಮರುದಿನ ಬೆರಿಲ್ ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ಕ್ಲೆಮ್‌ನ ಮುಂದೆ ಚಹಾ ಇಟ್ಟಳು.

"ಅಥೋಲ್ ಹೆಂಡತಿ ಫೋನ್ ಮಾಡಿದ್ಲು. ಪಬ್ಬಲ್ಲಿ ಎಲ್ಲಾ ಹೇಳಿದ್ಯಂತೆ."

"ಹೂಂ."

"ಬೆರಿಲ್ ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಅಂದ್ಯಂತೆ."

"ಅಂದೆ. ತಪ್ಪಾಯ್ತು ಬೆರಿಲ್. ಅವತ್ತೇ ಅನ್ನಬೇಕಾಗಿತ್ತು."

ಬೆರಿಲ್ ನೋಯುವ ಭುಜವನ್ನು ಸರಿಸಿ ಸರಿಸಿ ಕೋಟಿಗೆ ಒಂದೊಂದೇ ತೋಳು ತೂರಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕ್ಲೆಮ್‌ಗೆ ಸುಲಭವಾಗುತ್ತಿತ್ತು.

"ತುಂಬಾ ಚೆನ್ನಾಗಿ ಹೇಳ್ದ ಅಂತ ಅವಳು ಹೊಗಳಿದ್ಲು. ಕೇಳೋಕೆ ನಾನಲ್ಲಿರ್ಲಿಲ್ಲ ಕ್ಲೆಮ್. ನಾನಿದ್ದ ಕಡೆ ನೀನು ಹೇಳ್ಲಿಲ್ಲ."

ಅವಳು ಕಾರಿನ ಕೀಲಿ ತೆಗೆದುಕೊಂಡು ಹೊರಟಳು. ಅವಳನ್ನು ಬಾಗಿಲವರೆಗಾದರೂ ಬಿಟ್ಟು ಬರಬೇಕೆಂದು ಕ್ಲೆಮ್ ಮೇಜಿಗೆ ಎರಡೂ ಕೈಯೂರಿ ಏಳತೊಡಗಿದ. ಅವನು ಪೂರ್ತಿ ಎದ್ದು ನಿಲ್ಲುವಷ್ಟರಲ್ಲಿ ಕಾರು ಲಾಂಡ್ರಿಯ ದಾರಿ ಹಿಡಿದು ಹೋಗಿತ್ತು.